ಇಳಿಯದ ಬಾವು: ನಾಲ್ಕು ಶತಮಾನಗಳ ಒಂದು ಹುಡುಕಾಟ



ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಗಿ, ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಟ್ಟ ಮೇಲೆ ಕೆಲವು ಮಹಿಳೆಯರಿಗೆ ಹೊಸದೊಂದು ತೊಂದರೆ ಎದುರಾಗುತ್ತದೆ. ಶಸ್ತ್ರಕ್ರಿಯೆ ನಡೆದ ಬದಿಯ ಕೈ ಮೆಲ್ಲಮೆಲ್ಲನೆ ಊದತೊಡಗುತ್ತದೆ. ಮೊದಲು ಉಂಗುರ ಬಿಗಿಯಾಗುತ್ತದೆ, ಆಮೇಲೆ ಬಳೆ, ಆಮೇಲೆ ರವಿಕೆಯ ತೋಳು. ಗರ್ಭಕೋಶದ ಅಥವಾ ಗರ್ಭಕಂಠದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಇದೇ ಬಾವು ಕಾಲಿಗೆ ಬರುವುದುಂಟು. ವೈದ್ಯರು ಇದನ್ನು ಲಿಂಫೆಡೀಮಾ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ದುಗ್ಧರಸದ ಬಾವು ಎನ್ನಬಹುದು.

ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಸರಳವಾದದ್ದು. ಕಂಕುಳಿನ ಗ್ರಂಥಿಗಳನ್ನು ತೆಗೆದುಹಾಕಿದ್ದಾರೆ, ನೀರು ಹರಿದುಹೋಗುವ ದಾರಿ ಮುಚ್ಚಿದೆ, ಆದ್ದರಿಂದ ಕೈಯಲ್ಲಿ ನೀರು ನಿಂತಿದೆ. ಮೋರಿ ಕಟ್ಟಿಕೊಂಡರೆ ಅಂಗಳದಲ್ಲಿ ನೀರು ನಿಲ್ಲುವುದಿಲ್ಲವೇ, ಹಾಗೆ. ಈ ಉತ್ತರ ಸುಳ್ಳಲ್ಲ. ಆದರೆ ಅರ್ಧ ಸತ್ಯ ಮಾತ್ರ. ಮೋರಿ ಕಟ್ಟಿದ ದಿನವೇ ನೀರು ನಿಲ್ಲಬೇಕಲ್ಲವೇ? ಈ ಬಾವು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಬರುವುದೇಕೆ? ಒಂದೇ ಬಗೆಯ ಶಸ್ತ್ರಚಿಕಿತ್ಸೆಯಾದ ಹಲವರಲ್ಲಿ ಕೆಲವರಿಗೆ ಮಾತ್ರ ಬರುವುದೇಕೆ? ನೀರೇ ಆಗಿದ್ದರೆ ಕಾಲಕ್ರಮದಲ್ಲಿ ಅದು ಗಟ್ಟಿಯಾಗುವುದೇಕೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗತೊಡಗಿದ್ದು ತೀರ ಈಚೆಗೆ. ಆ ಹುಡುಕಾಟದ ಇತಿಹಾಸವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಹಾಲಿನ ಬಣ್ಣದ ನಾಳಗಳು

ರಕ್ತಪರಿಚಲನೆಯ ಪಾಠ ಹೇಳುವಾಗ ನಾವು 1628ರ ವಿಲಿಯಂ ಹಾರ್ವೆಯ ಹೆಸರನ್ನು ತಪ್ಪದೆ ಹೇಳುತ್ತೇವೆ. ಅದಕ್ಕಿಂತ ಆರು ವರ್ಷ ಮೊದಲು, 1622ರ ಜುಲೈ 23ರಂದು, ಇಟಲಿಯ ಮಿಲಾನ್ ನಗರದಲ್ಲಿ ಗ್ಯಾಸ್ಪರೆ ಅಸೆಲ್ಲಿ ಎಂಬ ವೈದ್ಯನು ಕಂಡದ್ದನ್ನು ಹೇಳುವವರು ವಿರಳ. ಆಗತಾನೇ ಹೊಟ್ಟೆತುಂಬ ತಿಂದಿದ್ದ ನಾಯಿಯೊಂದರ ಉದರವನ್ನು ಆತ ಗೆಳೆಯರ ಮುಂದೆ ತೆರೆದಾಗ ಕರುಳಿನ ಪೊರೆಯ ತುಂಬ ಬೆಳ್ಳನೆಯ ಎಳೆಗಳು ಕಾಣಿಸಿದವು. ನರಗಳಿರಬೇಕೆಂದು ಭಾವಿಸಿದ ಆತ ಒಂದು ಎಳೆಯನ್ನು ಚುಚ್ಚಿದಾಗ ಹಾಲಿನಂತಹ ದ್ರವ ಚಿಮ್ಮಿತು. ಮರುದಿನ ಹಸಿದಿದ್ದ ನಾಯಿಯಲ್ಲಿ ಹುಡುಕಿದರೆ ಅವು ಕಾಣಲೇ ಇಲ್ಲ. ಹಿಂದಿನ ದಿನದ ನಾಯಿ ಉಂಡಿತ್ತೆಂಬುದು ನೆನಪಾಗಿ, ಉಂಡ ನಾಯಿಯಲ್ಲಿ ಮತ್ತೆ ನೋಡಿದನು. ಬಿಳಿ ನಾಳಗಳು ಮತ್ತೆ ಕಂಡವು. ಆಹಾರದ ಕೊಬ್ಬನ್ನು ಹೊತ್ತೊಯ್ಯುವಾಗ ಮಾತ್ರ ಅವುಗಳಿಗೆ ಹಾಲಿನ ಬಣ್ಣ. ಅಸೆಲ್ಲಿ 1625ರಲ್ಲಿ ತೀರಿಕೊಂಡನು. ಅವನ ಗ್ರಂಥ ಬೆಳಕು ಕಂಡದ್ದು 1627ರಲ್ಲಿ. ದುಗ್ಧವೆಂದರೆ ಹಾಲು, ಅವನು ಕಂಡ ಆ ಬಣ್ಣವೇ ನಮ್ಮ ಪಾಠಪುಸ್ತಕಗಳ ‘ದುಗ್ಧರಸ’ ಎಂಬ ಪದದಲ್ಲಿಯೂ ಇದೆ.

ಕೈಕಾಲುಗಳಲ್ಲಿ ಹರಿಯುವ ದುಗ್ಧರಸಕ್ಕೆ ಆ ಬಣ್ಣವಿಲ್ಲ, ಅದು ಹೆಚ್ಚುಕಡಿಮೆ ನೀರಿನಂತೆ ತಿಳಿ. ಈ ತಿಳಿನಾಳಗಳು ದೇಹದಾದ್ಯಂತ ಇವೆಯೆಂದು ತೋರಿಸಿದವರು ಸ್ವೀಡನ್ನಿನ ಓಲೋಫ್ ರುಡ್ಬೆಕ್ ಮತ್ತು ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್. ರುಡ್ಬೆಕ್ 1652ರಲ್ಲಿ ರಾಣಿ ಕ್ರಿಸ್ಟೀನಾಳ ಸಮ್ಮುಖದಲ್ಲಿ ತನ್ನ ಶೋಧವನ್ನು ಪ್ರದರ್ಶಿಸಿದಾಗ ಅವನಿಗಿನ್ನೂ 21ರ ಹರೆಯ. ಬಾರ್ತೊಲಿನ್ 1653ರಲ್ಲಿ ಗ್ರಂಥ ಪ್ರಕಟಿಸಿ, ತಿಳಿನೀರು ಎಂಬರ್ಥದ ಲ್ಯಾಟಿನ್ ಪದದಿಂದ ‘ಲಿಂಫ್’ ನಾಳಗಳೆಂಬ ಹೆಸರನ್ನು ಕೊಟ್ಟನು. ಮೊದಲು ಕಂಡವರಾರು ಎಂಬ ಜಗಳ ಇಬ್ಬರ ನಡುವೆ ಬಹುಕಾಲ ನಡೆಯಿತು.

ಈ ನಾಳಗಳ ಕೆಲಸವೇನು? 1896ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರು ಕೊಟ್ಟ ವಿವರಣೆ ಇಂದಿಗೂ ತಳಹದಿಯಾಗಿದೆ. ರಕ್ತದ ಒತ್ತಡ ಸೂಕ್ಷ್ಮ ರಕ್ತನಾಳಗಳಿಂದ ನೀರನ್ನು ಹೊರಕ್ಕೆ ತಳ್ಳುತ್ತದೆ. ರಕ್ತದಲ್ಲಿರುವ ಪ್ರೋಟೀನು ಅದನ್ನು ಒಳಕ್ಕೆ ಎಳೆಯುತ್ತದೆ. ಈ ಎರಡರ ನಡುವೆ ಹೊರಗುಳಿದ ನೀರನ್ನೂ ಪ್ರೋಟೀನನ್ನೂ ದುಗ್ಧನಾಳಗಳು ಗುಡಿಸಿಕೊಂಡು ಮತ್ತೆ ರಕ್ತಕ್ಕೆ ತಲುಪಿಸುತ್ತವೆ. ಹೊರಬಂದ ನೀರಿನ ಬಹುಪಾಲು ರಕ್ತನಾಳಗಳಿಗೇ ಹಿಂದಿರುಗುತ್ತದೆಂದು ಸ್ಟಾರ್ಲಿಂಗ್ ತಿಳಿದಿದ್ದರು. ಬಹುತೇಕ ಅಂಗಾಂಶಗಳಲ್ಲಿ ಹಾಗಾಗುವುದಿಲ್ಲ, ಹೊರೆಯೆಲ್ಲ ದುಗ್ಧನಾಳಗಳ ಮೇಲೆಯೇ ಬೀಳುತ್ತದೆ ಎಂದು ನಂತರದ ಸಂಶೋಧನೆಗಳು ತೋರಿಸಿವೆ. ಅಂದರೆ ಈ ನಾಳಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ದುಡಿಯುತ್ತವೆ.

ಹಾಲ್‌ಸ್ಟೆಡ್ ಅವರ ಕತ್ತಿ

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ಅವರು 1894ರಲ್ಲಿ ಐವತ್ತು ರೋಗಿಗಳ ವರದಿಯೊಂದನ್ನು ಪ್ರಕಟಿಸಿದರು. ಸ್ತನವನ್ನಷ್ಟೇ ಅಲ್ಲದೆ ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳು, ಎಲ್ಲವನ್ನೂ ಒಟ್ಟಾಗಿ ತೆಗೆದರೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಆ ಕಾಲಕ್ಕೆ ಅದೊಂದು ದೊಡ್ಡ ಭರವಸೆ. ಮುಂದಿನ ಮುಕ್ಕಾಲು ಶತಮಾನ ಈ ವಿಧಾನವೇ ಮೇಲುಗೈ ಪಡೆಯಿತು.

ಅದರ ಬೆಲೆಯನ್ನು ತೆತ್ತವರು ರೋಗಿಗಳು. ಹಾಲ್‌ಸ್ಟೆಡ್ ಅವರೇ ತಮ್ಮ ಕೊನೆಗಾಲದಲ್ಲಿ, 1921ರಲ್ಲಿ, ಶಸ್ತ್ರಕ್ರಿಯೆಯ ನಂತರದ ಕೈಬಾವಿನ ಬಗ್ಗೆ ಲೇಖನ ಬರೆದರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಶಸ್ತ್ರಚಿಕಿತ್ಸೆಯಿಂದಾದ ಆನೆಕಾಲು ರೋಗ’. ನಮ್ಮ ಕರಾವಳಿಯವರಿಗೆ ಆನೆಕಾಲನ್ನು ವಿವರಿಸಬೇಕಾಗಿಲ್ಲ. ಅಲ್ಲಿ ದುಗ್ಧನಾಳಗಳನ್ನು ಕೆಡಿಸುವುದು ಸೊಳ್ಳೆಯಿಂದ ಬರುವ ಫೈಲೇರಿಯಾ ಹುಳು, ಇಲ್ಲಿ ವೈದ್ಯರ ಕತ್ತಿ. ಎರಡರ ಕೊನೆಯೂ ಒಂದೇ ಎಂಬುದನ್ನು ಅವರು ಗುರುತಿಸಿದ್ದರು. ನಾಳ ಕತ್ತರಿಸಿದ್ದೊಂದೇ ಕಾರಣವಾಗಿರಲಾರದು, ಸೋಂಕು ಸೇರಿದಾಗ ಬಾವು ಬಲಿಯುತ್ತದೆ ಎಂದೂ ಅವರು ಶಂಕಿಸಿದ್ದರು. ಆ ಶಂಕೆಯಲ್ಲಿ ತಿರುಳಿತ್ತು.

1934ರಲ್ಲಿ ಹಾರ್ವರ್ಡಿನ ಸೆಸಿಲ್ ಡ್ರಿಂಕರ್ ಮತ್ತು ಸಂಗಡಿಗರು ನಾಯಿಗಳಲ್ಲಿ ಈ ಬಾವನ್ನು ಉಂಟುಮಾಡಲು ಪ್ರಯತ್ನಿಸಿದರು. ನಾಳಗಳನ್ನು ಸುಮ್ಮನೆ ಕತ್ತರಿಸಿದರೆ ದೇಹ ಹೊಸ ದಾರಿ ಮಾಡಿಕೊಳ್ಳುತ್ತಿತ್ತು. ಉರಿತರುವ ವಸ್ತುಗಳನ್ನು ನಾಳಗಳಿಗೆ ಮತ್ತೆ ಮತ್ತೆ ಚುಚ್ಚಿ ಅವುಗಳನ್ನು ಮುಚ್ಚಿದಾಗ ಮಾತ್ರ ಬಾವು ನೆಲೆನಿಂತಿತು. ಬರಿಯ ಅಡಚಣೆ ಸಾಲದು, ಅದರ ಜೊತೆ ಇನ್ನೇನೋ ಬೇಕು ಎಂಬ ಸೂಚನೆ ಅಲ್ಲಿಯೇ ಇತ್ತು. ಆದರೂ ಆಸ್ಪತ್ರೆಗಳಲ್ಲಿ ಉಳಿದುಕೊಂಡದ್ದು ಮೋರಿಯ ಕಥೆಯೇ.

ಆ ಕಥೆ ರೋಗಿಗಳಿಗೆ ಏನು ಮಾಡಿತೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಾನು ಕೆಲಸ ಮಾಡಿದ ಪ್ರೌಢಶಾಲೆಯೊಂದರಲ್ಲಿ ಹಿಂದಿ ಬೋಧಿಸುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಶಸ್ತ್ರಚಿಕಿತ್ಸೆಯಾಗಿ ಮೂರನೆಯ ವರ್ಷಕ್ಕೆ ಅವರ ಬಲಗೈ ಊದಿತು. ಕಪ್ಪುಹಲಗೆಯ ಮೇಲೆ ಕೈ ಎತ್ತಿ ನಾಲ್ಕು ಸಾಲು ಬರೆಯುವಷ್ಟರಲ್ಲಿ ಭಾರವಾಗಿ ಇಳಿಬೀಳುತ್ತಿತ್ತು. ಕಡೆಗೆ ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡಿಕೊಂಡರು. ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ, ಜೀವ ಉಳಿಯಿತಲ್ಲ, ಕೈಯದೇನು ದೊಡ್ಡದು ಎಂದರಂತೆ. “ಮೇಷ್ಟ್ರೇ, ಜೀವ ಉಳಿದದ್ದಕ್ಕೆ ನಾನು ಕೃತಜ್ಞಳೇ. ಆದರೆ ಬದುಕಿರುವವಳಿಗೆ ಕೈಯೂ ಬೇಕಲ್ಲವೇ?” ಎಂದು ಅವರು ಕೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಕಟ್ಟಿದ ಮೋರಿಯನ್ನು ತೆರೆಯಲಾಗದು, ಆದ್ದರಿಂದ ಮಾಡುವುದೇನೂ ಇಲ್ಲ ಎಂಬ ತೀರ್ಮಾನ ಆ ಕಾಲದ ಅರ್ಧಜ್ಞಾನದ ಫಲ.

ಮೋರಿಯ ಕಥೆ ಸಡಿಲವಾದದ್ದು

1990ರ ದಶಕದಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಶಾಲೆಯ ರಾಡ್ನಿ ಲೆವಿಕ್, ಪೀಟರ್ ಮಾರ್ಟಿಮರ್ ಮತ್ತು ಸಂಗಡಿಗರು ಊದಿದ ಕೈಯ ದ್ರವವನ್ನು ಪರೀಕ್ಷಿಸಿದರು. ದಾರಿ ಮುಚ್ಚಿದ್ದರೆ ಪ್ರೋಟೀನು ಅಲ್ಲಿಯೇ ಉಳಿದು ದ್ರವ ಮಂದವಾಗಬೇಕು. ಆದರೆ ಅವರ ರೋಗಿಗಳಲ್ಲಿ ಊದಿದ ಕೈಯ ದ್ರವದಲ್ಲಿ ಪ್ರೋಟೀನಿನ ಸಾಂದ್ರತೆ ಇನ್ನೊಂದು ಕೈಗಿಂತ ಕಡಿಮೆಯೇ ಇತ್ತು. ಮುಂದಿನ ವರ್ಷಗಳಲ್ಲಿ ಅವರು ಇನ್ನೂ ಅಚ್ಚರಿಯ ವಿಷಯವನ್ನು ಕಂಡರು. ಮುಂದೆ ಬಾವು ಬರಲಿದ್ದ ಮಹಿಳೆಯರಲ್ಲಿ, ಬಾವು ಬರುವ ಮೊದಲೇ, ದುಗ್ಧರಸದ ಹರಿವು ಇತರರಿಗಿಂತ ಹೆಚ್ಚಾಗಿತ್ತು.

ಇದರ ಅರ್ಥವೇನು? ದುಗ್ಧನಾಳ ಸುಮ್ಮನೆ ಬಿದ್ದಿರುವ ಕೊಳವೆಯಲ್ಲ. ಅದರ ಗೋಡೆಯಲ್ಲಿ ಸ್ನಾಯುವಿದೆ. ಅದು ಪುಟ್ಟ ಹೃದಯದಂತೆ ಮತ್ತೆ ಮತ್ತೆ ಹಿಂಡಿ ರಸವನ್ನು ಮೇಲಕ್ಕೆ ತಳ್ಳುತ್ತದೆ. ಕಂಕುಳಿನಲ್ಲಿ ತಡೆಯುಂಟಾದಾಗ ಈ ಪಂಪು ಹೆಚ್ಚು ಬಲದಿಂದ ತಳ್ಳುತ್ತದೆ. ಮುಚ್ಚಿದ ಪೈಪಿಗೆ ಪಂಪ್‌ಸೆಟ್ಟು ನೀರು ನೂಕುತ್ತಲೇ ಇದ್ದರೆ ಮೋಟಾರು ಎಷ್ಟು ದಿನ ತಡೆದೀತು? ಸ್ವಭಾವತಃ ಹೆಚ್ಚು ಹೊರೆ ಹೊರುತ್ತಿದ್ದ ನಾಳಗಳು ಬೇಗ ದಣಿಯುತ್ತವೆ. ಬಾವು ತಡವಾಗಿ ಬರುವುದೇಕೆ, ಕೆಲವರಿಗೇ ಬರುವುದೇಕೆ ಎಂಬ ಪ್ರಶ್ನೆಗಳಿಗೆ ಒಂದು ಉತ್ತರ ಹೀಗೆ ಸಿಕ್ಕಿತು.

ಅಣುಗಳ ಕಾಲ

ನಾಳಗಳು ಹೇಗೆ ಹುಟ್ಟುತ್ತವೆ ಎಂಬುದು ತಿಳಿಯದೆ ಕೆಟ್ಟ ನಾಳವನ್ನು ಸರಿಪಡಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ಹಾಲ್‌ಸ್ಟೆಡ್ ಅವರಿದ್ದ ಜಾನ್ಸ್ ಹಾಪ್ಕಿನ್ಸಿನಲ್ಲಿಯೇ ದೊರೆತಿತ್ತು. ಅಲ್ಲಿ ವೈದ್ಯ ಪದವಿ ಪಡೆದ ಫ್ಲಾರೆನ್ಸ್ ಸೇಬಿನ್ ಎಂಬ ಮಹಿಳೆ ಹಂದಿಯ ಭ್ರೂಣಗಳನ್ನು ಅಭ್ಯಸಿಸಿ, ದುಗ್ಧನಾಳಗಳು ಅಭಿಧಮನಿಗಳಿಂದಲೇ ಚಿಗುರೊಡೆಯುತ್ತವೆ ಎಂದು 1902ರಲ್ಲಿ ಬರೆದರು. ಅನೇಕರು ಒಪ್ಪಲಿಲ್ಲ. ಅವರು 1917ರಲ್ಲಿ ಆ ಸಂಸ್ಥೆಯ ಮೊದಲ ಪೂರ್ಣ ಪ್ರಾಧ್ಯಾಪಕಿಯಾದರು. ಅವರ ಮಾತಿಗೆ ಬಲವಾದ ಆಧಾರ ದೊರೆತದ್ದು 1999ರಲ್ಲಿ. ಅಮೆರಿಕದ ಮೆಂಫಿಸ್‌ನಲ್ಲಿ ಗಿಯೆರ್ಮೊ ಆಲಿವರ್ ಮತ್ತು ಜೆಫ್ರಿ ವಿಗಲ್ ಅವರು, ಪ್ರಾಕ್ಸ್-1 ಎಂಬ ವಂಶವಾಹಿಯಿಲ್ಲದ ಇಲಿಯ ಭ್ರೂಣಗಳಲ್ಲಿ ದುಗ್ಧನಾಳಗಳೇ ಮೂಡುವುದಿಲ್ಲವೆಂದು ತೋರಿಸಿದರು. ಅಭಿಧಮನಿಯ ಕೋಶವನ್ನು ದುಗ್ಧನಾಳದ ಕೋಶವನ್ನಾಗಿ ಪರಿವರ್ತಿಸುವ ಆಜ್ಞೆ ಈ ವಂಶವಾಹಿಯದು.

ಇತ್ತ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಾರಿ ಅಲಿಟಾಲೊ ಅವರ ತಂಡ 1996ರಲ್ಲಿ ವಿಇಜಿಎಫ್-ಸಿ ಎಂಬ ಪ್ರೋಟೀನನ್ನು ಕಂಡುಹಿಡಿಯಿತು. ದುಗ್ಧನಾಳಕ್ಕೆ ‘ಬೆಳೆ’ ಎಂದು ಹೇಳುವ ಸಂದೇಶವಾಹಕ ಅದು. ನಾಳದ ಕೋಶಗಳ ಮೇಲಿರುವ ಗ್ರಾಹಕವೊಂದು ಬೀಗವಾದರೆ ಇದು ಅದರ ಕೀಲಿಕೈ. ಈ ಶೋಧ ಹಳೆಯ ಒಗಟೊಂದನ್ನೂ ಬಿಡಿಸಿತು. 1892ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಮಿಲ್ರಾಯ್ ಅವರು ಒಂದೇ ಕುಟುಂಬದ ಆರು ತಲೆಮಾರುಗಳ 97 ಜನರಲ್ಲಿ 22 ಮಂದಿಗೆ ಹುಟ್ಟಿನಿಂದ ಬಂದ ಕಾಲಿನ ಬಾವನ್ನು ದಾಖಲಿಸಿದ್ದರು. ಇಂತಹ ವಂಶಗಳಲ್ಲಿ ಈ ಬೀಗವೇ ಕೆಟ್ಟಿರುತ್ತದೆ ಎಂಬುದು 2000ರಲ್ಲಿ ಖಚಿತವಾಯಿತು.

ಹಾಗಾದರೆ ಶಸ್ತ್ರಚಿಕಿತ್ಸೆಯಾದವರಿಗೆ ಕೀಲಿಕೈಯನ್ನು ಹೆಚ್ಚಾಗಿ ಕೊಟ್ಟರೆ ಹೊಸ ನಾಳಗಳು ಬೆಳೆದು ಕಥೆ ಮುಗಿಯಬೇಕಲ್ಲವೇ? ವಿಷಯ ಅಷ್ಟು ಸರಳವಾಗಿರಲಿಲ್ಲ. ಈಗಾಗಲೇ ಊದಿದ ಅಂಗದಲ್ಲಿ ಆ ಪ್ರೋಟೀನಿಗೆ ಕೊರತೆಯಿಲ್ಲವೆಂದು ಪ್ರಯೋಗಗಳು ತೋರಿಸಿದವು. ನಾಳಗಳು ಚಿಗುರುತ್ತಿದ್ದವು, ಆದರೆ ಆ ಚಿಗುರು ಸೋರುವ, ಕೆಲಸಕ್ಕೆ ಬಾರದ ಚಿಗುರು. ಅಲ್ಲಿ ಬೇರಾವುದೋ ಶಕ್ತಿ ಅಡ್ಡನಿಂತಿತ್ತು.

ಆ ಶಕ್ತಿಯನ್ನು ಗುರುತಿಸಿದವರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ಬಾಬಕ್ ಮೆಹರಾರಾ ಮತ್ತು ಸಂಗಡಿಗರು ಮುಖ್ಯರು. 2010ರ ನಂತರದ ವರ್ಷಗಳಲ್ಲಿ ಅವರು ಇಲಿಗಳ ಬಾಲದ ದುಗ್ಧನಾಳಗಳನ್ನು ಕತ್ತರಿಸಿ ಪರೀಕ್ಷಿಸಿದರು. ಸಾಮಾನ್ಯ ಇಲಿಗಳ ಬಾಲ ಊದಿ ಗಟ್ಟಿಯಾಯಿತು. ಸಿಡಿ4 ಎಂಬ ಬಗೆಯ ಬಿಳಿ ರಕ್ತಕಣಗಳಿಲ್ಲದ ಇಲಿಗಳಲ್ಲಿ ಬಾವು ಬಹುಮಟ್ಟಿಗೆ ತಪ್ಪಿತು. ನಾಳ ಕತ್ತರಿಸಿದ್ದು ಎರಡರಲ್ಲಿಯೂ ಸಮಾನ. ವ್ಯತ್ಯಾಸವಿದ್ದದ್ದು ದೇಹದ ಪ್ರತಿಕ್ರಿಯೆಯಲ್ಲಿ.

ಕ್ರಮ ಹೀಗೆ: ದುಗ್ಧರಸ ನಿಂತುಹೋದ ಸುದ್ದಿಯನ್ನು ಕಾವಲು ಕೋಶಗಳು ಹತ್ತಿರದ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಸಿಡಿ4 ಕೋಶಗಳು ಎಚ್ಚೆತ್ತು ಚರ್ಮಕ್ಕೆ ಬಂದು ಬೀಡುಬಿಡುತ್ತವೆ. ಅವು ಇಂಟರ್‌ಲ್ಯೂಕಿನ್-4, ಇಂಟರ್‌ಲ್ಯೂಕಿನ್-13 ಎಂಬ ಸಂದೇಶಗಳನ್ನು ಹೊರಡಿಸುತ್ತವೆ. ಇವುಗಳ ಜೊತೆಗೆ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಸೇರಿ ಗಾಯ ಮಾಯಿಸುವಂತೆ ನಾರನ್ನು ನೇಯತೊಡಗುತ್ತದೆ. ವಿಕಿರಣ ಚಿಕಿತ್ಸೆ ಪಡೆದ ಜಾಗದಲ್ಲಿ ಈ ನಾರು ಇನ್ನೂ ಹೆಚ್ಚು. ನಾರು ಸುತ್ತುಗಟ್ಟಿದ ನಾಳ ಹಿಂಡಲಾರದು, ಹೊಸ ನಾಳ ನಾರನ್ನು ದಾಟಿ ಬೆಳೆಯಲಾರದು. ರಸ ಮತ್ತಷ್ಟು ನಿಲ್ಲುತ್ತದೆ, ಉರಿಯೂತ ಮತ್ತಷ್ಟು ಹೆಚ್ಚುತ್ತದೆ. ಹಾಲ್‌ಸ್ಟೆಡ್ ಶಂಕಿಸಿದ ಸೋಂಕು ಈ ಬೆಂಕಿಗೆ ಸುರಿದ ತುಪ್ಪ. ಕಾಲಕ್ರಮದಲ್ಲಿ ಕೊಬ್ಬೂ ಶೇಖರವಾಗುತ್ತದೆ. ಹಳೆಯ ಬಾವಿನಲ್ಲಿ ಇರುವುದು ಹೆಚ್ಚಾಗಿ ನೀರಲ್ಲ, ಕೊಬ್ಬು ಎಂದು ಸ್ವೀಡನ್ನಿನ ಹಾಕನ್ ಬ್ರೋರ್ಸನ್ ಅವರು 1990ರ ದಶಕದಲ್ಲಿಯೇ ತೋರಿಸಿದ್ದರು. ಬಾವು ಗಟ್ಟಿಯಾಗುವುದೇಕೆ ಎಂಬ ಮೂರನೆಯ ಪ್ರಶ್ನೆಗೆ ಇದೇ ಉತ್ತರ.

ಮೋರಿಯನ್ನು ಕಟ್ಟಿದ್ದು ಶಸ್ತ್ರಚಿಕಿತ್ಸೆ ನಿಜ. ಆದರೆ ಕಟ್ಟಿದ ಮೋರಿಯನ್ನು ಜೀವಮಾನದ ರೋಗವನ್ನಾಗಿ ಮಾಡುವುದು, ಕಾಪಾಡಲೆಂದೇ ಬಂದ ನಮ್ಮ ದೇಹದ ಕಾವಲುಪಡೆ.

ಔಷಧದ ಹಾದಿ, ಕತ್ತಿಯ ಸಂಯಮ

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ರಾಕ್ಸನ್ ಮತ್ತು ಸಂಗಡಿಗರು ಲ್ಯೂಕೋಟ್ರೈಯೀನ್ ಬಿ4 ಎಂಬ ಇನ್ನೊಂದು ಉರಿಯೂತದ ಅಣುವನ್ನು ಗುರುತಿಸಿದರು. ಅದು ಸ್ವಲ್ಪವಿದ್ದಾಗ ದುಗ್ಧನಾಳಗಳ ಬೆಳವಣಿಗೆಗೆ ಸಹಾಯಕ, ಹೆಚ್ಚಾದಾಗ ಮಾರಕ. ಅತಿಯಾದರೆ ಅಮೃತವೂ ವಿಷವಲ್ಲವೇ! ಕೀಟೊಪ್ರೊಫೆನ್ ಎಂಬ ನೋವುನಿವಾರಕ ಈ ಅಣುವನ್ನು ತಗ್ಗಿಸುತ್ತದೆ. 2018ರಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆಗಳಲ್ಲಿ ಅದು ರೋಗಿಗಳ ಚರ್ಮದ ದಪ್ಪವನ್ನು ಕಡಿಮೆ ಮಾಡಿತು. ಆದರೆ ಅದೇ ಅಣುವಿನ ಮೇಲೆ ಗುರಿಯಿಟ್ಟ ಯುಬೆನಿಮೆಕ್ಸ್ ಎಂಬ ಔಷಧ ಕಾಲಿನ ಬಾವಿನ ಪರೀಕ್ಷೆಯಲ್ಲಿ ಅದೇ ವರ್ಷ ವಿಫಲವಾಯಿತು. ವಿಇಜಿಎಫ್-ಸಿ ವಂಶವಾಹಿಯನ್ನು ಹೊತ್ತ ಫಿನ್ಲೆಂಡಿನ ಲಿಂಫ್ಯಾಕ್ಟಿನ್ ಕೂಡ 2021ರಲ್ಲಿ ಸ್ಪಷ್ಟ ಪ್ರಯೋಜನ ತೋರಲಿಲ್ಲ. ಆದ್ದರಿಂದ ಯಾರೂ ಅಂಗಡಿಯಿಂದ ಗುಳಿಗೆ ತಂದು ನುಂಗುವ ಸಾಹಸ ಮಾಡಬಾರದು. ಕೀಟೊಪ್ರೊಫೆನ್ನಿಗೆ ಹೊಟ್ಟೆ, ಹೃದಯ, ಮೂತ್ರಪಿಂಡಗಳಿಗೆ ಕೇಡುಮಾಡುವ ಗುಣವೂ ಇದೆ.

ನಿಜವಾದ ಗೆಲುವು ದೊರೆತದ್ದು ಕತ್ತಿಯ ಸಂಯಮದಿಂದ. ಬರ್ನಾರ್ಡ್ ಫಿಶರ್ ಅವರ ನೇತೃತ್ವದಲ್ಲಿ 1971ರಲ್ಲಿ ಆರಂಭವಾದ, 1,600ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ, ಹಾಲ್‌ಸ್ಟೆಡ್ ಮಾದರಿಯ ದೊಡ್ಡ ಶಸ್ತ್ರಕ್ರಿಯೆಯಿಂದ ಆಯುಸ್ಸೇನೂ ಹೆಚ್ಚುವುದಿಲ್ಲವೆಂದು ತೋರಿಸಿತು. 1993–94ರಲ್ಲಿ ಡೇವಿಡ್ ಕ್ರಾಗ್ ಮತ್ತು ಆರ್ಮಾಂಡೊ ಜೂಲಿಯಾನೊ ಅವರು ಸ್ತನ ಕ್ಯಾನ್ಸರಿನಲ್ಲಿ ಕಾವಲುಗ್ರಂಥಿಯ ಪರೀಕ್ಷೆಯನ್ನು ಬಳಕೆಗೆ ತಂದರು. ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುವುದು, ಅಲ್ಲಿ ಕ್ಯಾನ್ಸರ್ ಇಲ್ಲವಾದರೆ ಉಳಿದವನ್ನು ಮುಟ್ಟದಿರುವುದು ಇದರ ಕ್ರಮ. 2013ರಲ್ಲಿ ಪ್ರಕಟವಾದ ಹಲವು ಅಧ್ಯಯನಗಳ ಸಮೀಕ್ಷೆಯೊಂದರ ಪ್ರಕಾರ, ಕಂಕುಳಿನ ಗ್ರಂಥಿಗಳನ್ನು ವಿಸ್ತಾರವಾಗಿ ತೆಗೆದವರಲ್ಲಿ ಸುಮಾರು ಶೇ. 20ರಷ್ಟು ಮಂದಿಗೆ ಕೈಬಾವು ಬಂದರೆ, ಕಾವಲುಗ್ರಂಥಿಯ ಪರೀಕ್ಷೆ ಮಾತ್ರ ಆದವರಲ್ಲಿ ಶೇ. 6ಕ್ಕಿಂತ ಕಡಿಮೆ ಮಂದಿಗೆ ಬಂದಿತ್ತು.

ನಾವು ತಿಳಿಯಬೇಕಾದದ್ದು

ಈ ಇತಿಹಾಸದಿಂದ ನಮ್ಮ ಮನೆಗಳಿಗೆ ಏನು ಪ್ರಯೋಜನ? ಬಹಳವಿದೆ. ಬಾವು ನೀರಿನ ಹಂತದಲ್ಲಿರುವಾಗ, ನಾರುಗಟ್ಟುವ ಮೊದಲು, ಅದನ್ನು ಹಿಡಿಯುವುದು ಮುಖ್ಯ. ಕೈ ಭಾರವೆನಿಸುವುದು, ಬಿಗಿಯೆನಿಸುವುದು, ಬಳೆ ಏರದಿರುವುದು, ಇವು ಸಣ್ಣ ಸಂಗತಿಗಳಲ್ಲ. ಶಸ್ತ್ರಚಿಕಿತ್ಸೆಯಾಗಿ ಎಷ್ಟೇ ವರ್ಷವಾಗಿರಲಿ, ಕೂಡಲೇ ವೈದ್ಯರಿಗೆ ತಿಳಿಸಬೇಕು. ಬಿಗಿಪಟ್ಟಿ, ಒತ್ತುತೋಳು, ದುಗ್ಧರಸವನ್ನು ಸಾಗಿಸುವ ಹಗುರವಾದ ನೀವುವಿಕೆ ಇವುಗಳಿಂದ ಉಪಶಮನವಿದೆ. ಇವನ್ನು ತಿಳಿದ ಫಿಸಿಯೋಥೆರಪಿಸ್ಟರಿಂದಲೇ ಕಲಿಯಬೇಕು. ಚರ್ಮದ ಸಣ್ಣ ಗಾಯಕ್ಕೂ ಗಮನವಿರಲಿ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು, ತಡಮಾಡುವಂತಿಲ್ಲ. ದೇಹದ ತೂಕ ಮಿತಿಯಲ್ಲಿರಲಿ.

‘ಆ ಕೈಯಲ್ಲಿ ಒಂದು ಚೊಂಬನ್ನೂ ಎತ್ತಬೇಡ’ ಎಂದು ನಮ್ಮ ಹಿರಿಯರು ಹೇಳುವುದುಂಟು. 2009ರಲ್ಲಿ ಅಮೆರಿಕದಲ್ಲಿ, ಆಗಲೇ ಬಾವಿದ್ದ 141 ಮಹಿಳೆಯರ ಅಧ್ಯಯನ ನಡೆಯಿತು. ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಭಾರ ಎತ್ತುವ ವ್ಯಾಯಾಮದಿಂದ ಬಾವು ಹೆಚ್ಚಲಿಲ್ಲ, ಕೈಗೆ ಬಲ ಬಂದಿತು. ಹೆದರಿ ಕೈಯನ್ನು ಮೂಲೆಗೆ ಹಾಕುವುದಕ್ಕಿಂತ, ಬಲ್ಲವರ ಸಲಹೆಯಂತೆ ದುಡಿಸುವುದು ಮೇಲು.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರಿಗೆ, ದಾದಿಯರಾದವರಿಗೆ ಒಂದು ಕೋರಿಕೆ. ಶಸ್ತ್ರಚಿಕಿತ್ಸೆಗೆ ಮೊದಲೇ ಎರಡೂ ಕೈಗಳ ಸುತ್ತಳತೆ ತೆಗೆದಿಡಿ, ಈ ಬಾವಿನ ವಿಷಯವನ್ನು ಮುಂಚಿತವಾಗಿಯೇ ಹೇಳಿ. ಉಳಿದವರಿಗೆ ಇನ್ನೊಂದು ಕೋರಿಕೆ. ನಿಮ್ಮ ತಾಯಿ, ಅತ್ತೆ, ಚಿಕ್ಕಮ್ಮ ಯಾರಾದರೂ ಸೆರಗಿನಲ್ಲಿ ಕೈ ಮರೆಮಾಡಿಕೊಂಡು ಓಡಾಡುತ್ತಿದ್ದರೆ, ಅವರಾಗಿ ಹೇಳಲೆಂದು ಕಾಯದೆ ನೀವೇ ಕೇಳಿ. ನಾಚಿಕೆಯಿಂದಲೋ ಸಂಕೋಚದಿಂದಲೋ ಕಳೆದ ಒಂದೊಂದು ತಿಂಗಳಲ್ಲಿಯೂ ಒಳಗೆ ನಾರು ನೇಯುತ್ತಲೇ ಇರುತ್ತದೆ.

ಎಲ್ಲರಿಗೂ ಆರೋಗ್ಯಭಾಗ್ಯ ದೊರೆಯಲಿ.